ಪ್ಯಾಕಿನ ಮೇಲಿನ ಜಾಗದ ಜಗಳ

ತಂಬಾಕಿನ ಬಗ್ಗೆ ಈ ಅಂಕಣದಲ್ಲಿ ಒಂದು ಸಾಲು ಬರೆದರೂ ಸಾಕು, ಮುಂದಿನ ವಾರ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೊಳೆತ ಬಾಯಿ, ತೂತು ಬಿದ್ದ ಗಂಟಲು, ನೋಡಿದರೆ ಊಟ ಸೇರದಂಥ ಚಿತ್ರಗಳನ್ನೆಲ್ಲ ಪ್ಯಾಕಿನ ಮೇಲೆ ಅಚ್ಚು ಹಾಕಿಸಿದ್ದಾಯಿತು. ಆದರೂ ಸೇದುವವರು ಸೇದುತ್ತಲೇ ಇದ್ದಾರೆ, ಜಗಿಯುವವರು ಜಗಿಯುತ್ತಲೇ ಇದ್ದಾರೆ. ಎಲ್ಲ ಗೊತ್ತಿದ್ದೂ ಮಾಡುವವರಿಗೆ ಯಾರೇನು ಹೇಳುವುದು, ಅವರವರ ಇಷ್ಟ ಅಲ್ಲವೇ? ನಿವೃತ್ತ ಮೇಷ್ಟರೊಬ್ಬರಂತೂ ಫೋನ್ ಮಾಡಿ, "ಚಿತ್ರ ನೋಡಿ ಬಿಟ್ಟವನನ್ನ ಒಬ್ಬನನ್ನ ತೋರಿಸಿ ಸ್ವಾಮಿ, ಸುಮ್ನೆ ಬಣ್ಣ ದಂಡ" ಎಂದು ಸವಾಲೇ ಹಾಕಿದರು.

ಚಿತ್ರದಿಂದ ಏನೂ ಆಗುವುದಿಲ್ಲ ಎಂದಾದರೆ, ಅದನ್ನು ಚಿಕ್ಕದು ಮಾಡಿಸಲು ಕಂಪನಿಗಳು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿಳಿದದ್ದು ಯಾಕೆ ಮೇಷ್ಟ್ರೇ, ಎಂದು ನಾನೂ ಕೇಳಿದೆ. ಕಾಸಿಗೆ ಕಾಸು ಲೆಕ್ಕ ಹಾಕುವವರು ಕೆಲಸಕ್ಕೆ ಬಾರದ ವಿಷಯಕ್ಕೆ ದೊಡ್ಡ ದೊಡ್ಡ ವಕೀಲರನ್ನು ಇಟ್ಟುಕೊಳ್ಳುವುದಿಲ್ಲ. ಅವರು ಅಕ್ಷರಶಃ ಸೆಂಟಿಮೀಟರ್ ಲೆಕ್ಕದಲ್ಲಿ ಜಗಳ ಆಡಿದ್ದಾರೆ. ಆ ಜಗಳದ ಕಥೆ ಗೊತ್ತಾದರೆ "ಅವರವರ ಇಷ್ಟ" ಅನ್ನುವ ಮಾತನ್ನು ಇಷ್ಟು ಸಲೀಸಾಗಿ ಹೇಳಲು ನಾಲಗೆ ಏಳುವುದಿಲ್ಲ.

ಮೊದಲು ಪ್ಯಾಕಿನ ಮಹತ್ವ ಏನು ಅನ್ನುವುದನ್ನು ನೋಡಬೇಕು. ನಮ್ಮಲ್ಲಿ 2003ರ ತಂಬಾಕು ನಿಯಂತ್ರಣ ಕಾನೂನು ಬಂದ ಮೇಲೆ ಸಿಗರೇಟಿನ ಜಾಹೀರಾತಿಗೆ ಟಿ.ವಿ., ಪತ್ರಿಕೆ, ಹೋರ್ಡಿಂಗ್ ಎಲ್ಲ ಮುಚ್ಚಿಹೋದವು. ಉಳಿದದ್ದು ಅಂಗಡಿಯ ಮುಂದಿನ ಒಂದಿಷ್ಟು ಜಾಗ ಮತ್ತು ಪ್ಯಾಕು. ಪ್ಯಾಕು ಅಂದರೆ ಸೇದುವವನ ಜೇಬಿನಲ್ಲಿಯೇ ಓಡಾಡುವ ಹೋರ್ಡಿಂಗು. ದಿನಕ್ಕೆ ಹತ್ತು ಸಲ ಜೇಬಿನಿಂದ ಹೊರಗೆ ಬರುತ್ತದೆ, ಟೀ ಅಂಗಡಿಯ ಮೇಜಿನ ಮೇಲೆ ಕೂರುತ್ತದೆ, ಎದುರಿಗೆ ಕೂತವನ ಕಣ್ಣಿಗೂ ಬೀಳುತ್ತದೆ. ಅದರ ಮೇಲೆ ಯಾರ ಮಾತಿಗೆ ಎಷ್ಟು ಜಾಗ ಅನ್ನುವುದೇ ಜಗಳದ ಮೂಲ.

2009ರ ಮೇ 31ರಿಂದ ಪ್ಯಾಕಿನ ಮುಂಭಾಗದ ಶೇಕಡಾ 40 ಜಾಗದಲ್ಲಿ ಎಚ್ಚರಿಕೆಯ ಚಿತ್ರ ಬಂತು. ಆಗಿನ ಚಿತ್ರಗಳು ಎಷ್ಟು ಸೌಮ್ಯವಾಗಿದ್ದವೆಂದರೆ, ಜಗಿಯುವ ತಂಬಾಕಿನ ಮೇಲೆ ಇದ್ದದ್ದು ಒಂದು ಚೇಳು. ನಮ್ಮ ಬೀದಿಯ ಬೀಡಾ ಅಂಗಡಿಯಲ್ಲಿ ಅದು ಸ್ವಲ್ಪ ದಿನದಲ್ಲೇ 'ಚೇಳು ಮಾರ್ಕು' ಆಗಿಬಿಟ್ಟಿತ್ತು. ಗಿರಾಕಿಗಳು ಅದನ್ನು ಕಂಪನಿಯದೇ ಗುರುತು ಅಂದುಕೊಂಡು, ಚೇಳು ಇರುವುದನ್ನೇ ಕೊಡಿ ಎಂದು ಕೇಳಿ ಪಡೆಯುತ್ತಿದ್ದರು. ಸರ್ಕಾರದ ಎಚ್ಚರಿಕೆ ಕಂಪನಿಯ ಮುದ್ರೆಯಾಗಿ ಬದಲಾಗುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

2014ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊಸ ನಿಯಮ ತಂದಿತು. ಪ್ಯಾಕಿನ ಎರಡೂ ಬದಿಯ ಶೇಕಡಾ 85ರಷ್ಟು ಜಾಗ ಎಚ್ಚರಿಕೆಗೆ. ಅದರಲ್ಲಿ 60 ಚಿತ್ರಕ್ಕೆ, 25 ಅಕ್ಷರಕ್ಕೆ. 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಅದಕ್ಕೆ ಸರಿಯಾಗಿ ಸಂಸತ್ತಿನ ಸಮಿತಿಯೊಂದು ನಡುವೆ ಬಂತು. ಆ ಸಮಿತಿಯ ಅಧ್ಯಕ್ಷರಾಗಿದ್ದ ಸಂಸದ ದಿಲೀಪ್ ಗಾಂಧಿ ಅವರು, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ಅಧ್ಯಯನಗಳೆಲ್ಲ ಹೊರದೇಶದ್ದು, ಭಾರತದಲ್ಲಿ ಅಂಥ ಅಧ್ಯಯನ ಆಗಿಲ್ಲ ಎಂಬರ್ಥದ ಮಾತಾಡಿದರು. ಅದೇ ಸಮಿತಿಯಲ್ಲಿ ಬೀಡಿ ಉದ್ಯಮದ ಧಣಿಯೊಬ್ಬರೂ ಸದಸ್ಯರಾಗಿದ್ದರು. ನಿಯಮ ಮುಂದಕ್ಕೆ ಹೋಯಿತು. ಮರು ವರ್ಷ ಸಮಿತಿ ಕೊಟ್ಟ ವರದಿ, 85 ಅತಿಯಾಯಿತು, 50 ಸಾಕು ಎಂದಿತು. ಆದರೂ 2016ರ ಏಪ್ರಿಲ್ 1ಕ್ಕೆ 85 ಜಾರಿಯಾದಾಗ ದೊಡ್ಡ ಸಿಗರೇಟ್ ಕಂಪನಿಗಳು ಕಾರ್ಖಾನೆಗಳಲ್ಲಿ ಉತ್ಪಾದನೆ ನಿಲ್ಲಿಸಿದವು. ಹಲವು ಹೈಕೋರ್ಟುಗಳಲ್ಲಿ ಇದ್ದ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟು ಒಟ್ಟುಮಾಡಿ ಕಳಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟಿಗೆ. 2017ರ ಡಿಸೆಂಬರಿನಲ್ಲಿ ಹೈಕೋರ್ಟು 85ರ ನಿಯಮವನ್ನು ಹೊಡೆದುಹಾಕಿತು. ತಿಂಗಳು ತುಂಬುವ ಮೊದಲೇ, 2018ರ ಜನವರಿ 8ರಂದು, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟು ಜನರ ಆರೋಗ್ಯ ಮೊದಲು ಎಂದಿತು. ಹೀಗೆ ನಲವತ್ತಕ್ಕೂ ಎಂಬತ್ತೈದಕ್ಕೂ ನಡುವಿನ ಜಾಗಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

"ನಮ್ಮ ದೇಶದಲ್ಲಿ ಅಧ್ಯಯನ ಆಗಿಲ್ಲ" ಅನ್ನುವ ಮಾತಿಗೆ ವಾಪಸು ಬರೋಣ. ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಗಂಥಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದುಕೊಂಡು ಬಂದಿದೆ. ಬೆಂಗಳೂರಿನಲ್ಲಿ ಯಾರಿಗೆ, ಯಾವ ಅಂಗದ ಕ್ಯಾನ್ಸರ್ ಬಂತು ಎಂದು ವರ್ಷವರ್ಷವೂ ಲೆಕ್ಕ ಇಡುವ ಕೆಲಸ ಅದು. ಬಾಯಿ, ಗಂಟಲು, ಶ್ವಾಸಕೋಶ ಎಂದು ತಂಬಾಕಿಗೆ ಸಂಬಂಧಪಟ್ಟ ಕ್ಯಾನ್ಸರುಗಳಿಗೆ ಅದರಲ್ಲಿ ಬೇರೆ ಪಟ್ಟಿಯೇ ಇದೆ. 2008ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ, ಭಾರತದ ಮನೆಮನೆಗಳಲ್ಲಿ ವಿಚಾರಿಸಿ ಮಾಡಿದ ಅಧ್ಯಯನ, 2010ರ ನಂತರದ ದಶಕದಲ್ಲಿ ಧೂಮಪಾನದಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಾವು ಆಗಬಹುದೆಂದು ಅಂದಾಜು ಮಾಡಿತ್ತು. ಸಂಸದರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ, ನಾನು ಅವರ ಮನಸ್ಸಿನೊಳಗೆ ಇಳಿಯಲಾರೆ. ಆದರೆ ಆ ಮಾತಿನ ಮಾದರಿ ಹಳೆಯದು. ಅದು ಹುಟ್ಟಿದ ಊರು, ವರ್ಷ ಎರಡೂ ಗೊತ್ತಿವೆ.

1953ರ ಡಿಸೆಂಬರ್. ಬ್ರಿಟನ್ನಿನ ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿ ಮೂರು ವರ್ಷವಾಗಿತ್ತು. ಸಿಗರೇಟಿನ ಟಾರನ್ನು ಇಲಿಗಳ ಚರ್ಮಕ್ಕೆ ಬಳಿದರೆ ಗೆಡ್ಡೆ ಏಳುತ್ತದೆ ಅನ್ನುವ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬಂದಿತ್ತು. ಗಾಬರಿಬಿದ್ದ ಅಮೆರಿಕದ ತಂಬಾಕು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಝಾ ಹೋಟೆಲಿನಲ್ಲಿ ಸೇರಿದರು. ದಿನಾ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿಯುವ ಜನ ಅಂದು ಒಂದೇ ಮೇಜಿಗೆ ಕೂತು, ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯನ್ನು ಗೊತ್ತುಮಾಡಿಕೊಂಡರು. ಮುಂದಿನ ತಿಂಗಳು, 1954ರ ಜನವರಿ 4ರಂದು, ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಂಟಿ ಹೇಳಿಕೆ ಜಾಹೀರಾತಾಗಿ ಬಂತು. ಜನರ ಆರೋಗ್ಯವೇ ನಮಗೆ ಎಲ್ಲಕ್ಕಿಂತ ದೊಡ್ಡದು, ನಮ್ಮ ಸರಕು ಹಾನಿಕರ ಅಲ್ಲವೆಂದು ನಂಬಿದ್ದೇವೆ, ಕಾರಣದ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ, ಆದ್ದರಿಂದ ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ ಎಂಬುದು ಅದರ ಒಟ್ಟು ಸಾರ.

ಇದರಲ್ಲಿ ಇರುವ ಜಾಣತನ ಗಮನಿಸಿ. ಸಿಗರೇಟು ಒಳ್ಳೆಯದು ಎಂದು ಅವರು ವಾದ ಮಾಡಲಿಲ್ಲ. ವಿಜ್ಞಾನಿಗಳ ಬಾಯಿ ಮುಚ್ಚಿಸಲೂ ಹೋಗಲಿಲ್ಲ. ಹಾಲು ಚೆಲ್ಲಿದರೆ ಊರಿಗೆಲ್ಲ ಗೊತ್ತಾಗುತ್ತದೆ, ನೀರು ಬೆರೆಸಿದರೆ ಗೊತ್ತಾಗಲು ಹೊತ್ತು ಹಿಡಿಯುತ್ತದೆ. ಅವರು ನೀರು ಬೆರೆಸಿದರು. ವಂಶವಾಹಿ, ವೈರಸ್ಸು, ನಗರದ ಹೊಗೆ, ಮನಸ್ಸಿನ ಒತ್ತಡ ಎಂದು ಕ್ಯಾನ್ಸರಿಗೆ ಬೇರೆ ಕಾರಣ ಹುಡುಕುವ ಸಂಶೋಧನೆಗಳಿಗೆ ಕೈತುಂಬ ಹಣ ಹೋಯಿತು. ಅವು ಸುಳ್ಳು ಸಂಶೋಧನೆಗಳೂ ಅಲ್ಲ. ಎಷ್ಟೋ ಜನ ಪ್ರಾಮಾಣಿಕ ವಿಜ್ಞಾನಿಗಳು ಆ ಹಣದಲ್ಲಿ ಒಳ್ಳೆಯ ಕೆಲಸವನ್ನೇ ಮಾಡಿದರು. ಆದರೆ ಪತ್ರಿಕೆ ಓದುವ ಸಾಮಾನ್ಯನಿಗೆ ಕೊನೆಗೆ ಉಳಿದದ್ದು "ಇನ್ನೂ ಏನೂ ತೀರ್ಮಾನ ಆಗಿಲ್ಲವಂತೆ" ಅನ್ನುವ ಭಾವನೆ. ಅನುಮಾನವೇ ನಮ್ಮ ಸರಕು ಎಂದು 1969ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಎಂಬ ಕಂಪನಿಯ ಒಳಗಿನ ಟಿಪ್ಪಣಿಯೊಂದರಲ್ಲಿ ಯಾರೋ ನೇರವಾಗಿ ಬರೆದೂಬಿಟ್ಟಿದ್ದಾರೆ. ಜನರ ತಲೆಯಲ್ಲಿ ಕೂತಿರುವ ಸತ್ಯಾಂಶದ ಜೊತೆ ಸೆಣಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅನ್ನುವುದು ಆ ಟಿಪ್ಪಣಿಯ ಅಭಿಪ್ರಾಯ.

ಇದೇ ಕಂಪನಿಯ ವಕೀಲರು 1963ರಲ್ಲಿಯೇ, ನಿಕೋಟಿನ್ ಚಟ ಹತ್ತಿಸುವ ವಸ್ತು, ನಾವು ಮಾರುತ್ತಿರುವುದು ಅದನ್ನೇ ಎಂದು ಒಳಗೊಳಗೆ ಬರೆದುಕೊಂಡಿದ್ದರು. 1994ರ ಏಪ್ರಿಲಿನಲ್ಲಿ ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ ಸಮಿತಿಯ ಎದುರು ಬಲಗೈ ಎತ್ತಿ ಪ್ರಮಾಣ ಮಾಡಿ, ನಿಕೋಟಿನ್ ಚಟ ಹತ್ತಿಸುತ್ತದೆ ಎಂದು ತಾವು ನಂಬುವುದಿಲ್ಲ ಎಂದರು. ನಡುವೆ ಮೂವತ್ತೊಂದು ವರ್ಷ. ಆ ಮೂವತ್ತೊಂದು ವರ್ಷಗಳಲ್ಲಿ ಹದಿನಾರು ಹದಿನೇಳರ ವಯಸ್ಸಿಗೆ ಮೊದಲ ದಮ್ಮು ಎಳೆದ ಹುಡುಗರ ಲೆಕ್ಕ ಹಾಕಿ. ಅವರು ತಮ್ಮ ಇಷ್ಟದಂತೆ ಆರಿಸಿಕೊಂಡರು ಎಂದು ನಾವು ಹೇಳುತ್ತಿರುವುದು, ಮಾರುವವನಿಗೆ ಗೊತ್ತಿದ್ದ ಮುಖ್ಯ ಸಂಗತಿ ಕೊಳ್ಳುವವನಿಗೆ ಗೊತ್ತಿರದ ವ್ಯಾಪಾರದ ಬಗ್ಗೆ. ಈ ಒಳಗಿನ ಕಾಗದಗಳೆಲ್ಲ ನಮಗೆ ಇವತ್ತು ಓದಲು ಸಿಗುವುದು ಕಂಪನಿಗಳ ಔದಾರ್ಯದಿಂದಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಸ್ಟ್ಯಾಂಟನ್ ಗ್ಲಾಂಟ್ಸ್ ಅವರಿಗೆ ಯಾರೋ ಅನಾಮಧೇಯರು ಪೆಟ್ಟಿಗೆ ತುಂಬ ದಾಖಲೆ ಕಳಿಸಿದರು. 1998ರಲ್ಲಿ ಮಿನೆಸೋಟ ರಾಜ್ಯ ಹೂಡಿದ್ದ ದಾವೆಯ ರಾಜಿಯಲ್ಲಿ ಉಳಿದವು ಹೊರಬಂದವು.

ಮಾಹಿತಿಯನ್ನು ಹೀಗೆ ಹಿಡಿತದಲ್ಲಿಟ್ಟುಕೊಳ್ಳುವುದು ಒಂದು ಭಾಗ. ನನಗೆ ಇದಕ್ಕಿಂತ ಕುತೂಹಲದ್ದು ಅನ್ನಿಸುವುದು ಇನ್ನೊಂದು ಭಾಗ: ಜನರ ಹೋರಾಟವನ್ನೇ ಎರವಲು ಪಡೆಯುವುದು. 1929ರ ಮಾರ್ಚ್ 31, ಈಸ್ಟರ್ ಭಾನುವಾರ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆಯ ಹೊತ್ತಿಗೆ ಒಂದಷ್ಟು ಯುವತಿಯರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸೇದುವುದನ್ನು ಸಮಾಜ ಒಪ್ಪದ ಕಾಲ ಅದು. ಸ್ವಾತಂತ್ರ್ಯದ ದೀವಟಿಗೆ ಎಂದು ಅದಕ್ಕೆ ಹೆಸರು ಬಂತು, ಪತ್ರಿಕೆಗಳು ಮಹಿಳೆಯರ ಬಂಡಾಯ ಎಂದೇ ಸುದ್ದಿ ಮಾಡಿದವು. ಅಲ್ಲಿನ ಹೆಂಗಸರಿಗೆ ದೇಶಾದ್ಯಂತ ಮತದ ಹಕ್ಕು ಸಿಕ್ಕಿ ಇನ್ನೂ ಒಂಬತ್ತು ವರ್ಷ. ಆ ಹೋರಾಟದ ಬಿಸಿ ಆರಿರಲಿಲ್ಲ. ಆದರೆ ಈ ಬಂಡಾಯದ ಹಿಂದೆ ಇದ್ದದ್ದು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರತಜ್ಞ. ಅವರಿಗೆ ಸಂಬಳ ಕೊಡುತ್ತಿದ್ದದ್ದು ಲಕ್ಕಿ ಸ್ಟ್ರೈಕ್ ಸಿಗರೇಟಿನ ಒಡೆಯರಾದ ಅಮೆರಿಕನ್ ಟೊಬ್ಯಾಕೊ ಕಂಪನಿ. 1993ರಲ್ಲಿ ಹುಟ್ಟಿದ 'ನ್ಯಾಷನಲ್ ಸ್ಮೋಕರ್ಸ್ ಅಲಯನ್ಸ್' ಸೇದುವವರ ಹಕ್ಕಿಗಾಗಿ ಸೇದುವವರೇ ಕಟ್ಟಿಕೊಂಡ ಸಂಘದ ಹಾಗೆ ಕಾಣುತ್ತಿತ್ತು. ಅದರ ಹಣ ಫಿಲಿಪ್ ಮಾರಿಸ್‌ನದು, ಕಟ್ಟಿದ್ದು ಇನ್ನೊಂದು ಪ್ರಚಾರ ಸಂಸ್ಥೆ. 1984ರಲ್ಲಿ ಶುರುವಾದ ತಂಬಾಕು ಬೆಳೆಗಾರರ ಅಂತರರಾಷ್ಟ್ರೀಯ ಸಂಘಕ್ಕೂ ಕಂಪನಿಗಳ ಹಣವಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಎದುರು ನಾವು ಮಾತಾಡಿದರೆ ಯಾರೂ ಕೇಳುವುದಿಲ್ಲ, ಬಡ ದೇಶದ ರೈತ ಮಾತಾಡಿದರೆ ಕೇಳುತ್ತಾರೆ ಅನ್ನುವ ಲೆಕ್ಕಾಚಾರ ಅವರ ಕಾಗದಗಳಲ್ಲೇ ಇದೆ.

ರೈತ ಅಂದಮೇಲೆ ಹುಣಸೂರಿಗೆ ಬರಲೇಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೋದವರಿಗೆ ಹೊಲದ ನಡುವೆ ಕಿಟಕಿಯಿಲ್ಲದ ಎತ್ತರದ ಮನೆಗಳು ಕಾಣುತ್ತವೆ. ಅವು ಬ್ಯಾರನ್‌ಗಳು. ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸಿ ಒಳಗೆ ಅಟ್ಟ ಅಟ್ಟವಾಗಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ಕೊಳವೆಯಲ್ಲಿ ಬಿಸಿ ಹರಿಸಿ ಐದಾರು ದಿನ ಹದ ಮಾಡುತ್ತಾರೆ. ಬಿಸಿ ಹೆಚ್ಚುಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಹಾಗಾಗಿ ಮನೆಯವರು ಸರದಿಯ ಮೇಲೆ ರಾತ್ರಿಯೆಲ್ಲ ಎದ್ದು ಉರಿ ನೋಡಬೇಕು. ಮಳೆಯಲ್ಲಿ ನೆಂದ ಸೊಪ್ಪು ಕೊಯ್ಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ಬರುವುದುಂಟು. ಕೂಲಿಗೆ ಬರುವ ಹೆಂಗಸರು ಅದನ್ನು ಪಿತ್ತ ಅಂದುಕೊಳ್ಳುತ್ತಾರೆ. ಸೊಪ್ಪಿನ ಬೇಲಿನ (ಪಿಂಡಿಯ) ಮೇಲೆ ಶೇಕಡಾ 85 ಇರಲಿ, 5ರಷ್ಟು ಎಚ್ಚರಿಕೆಯೂ ಯಾರೂ ಹಾಕಿಲ್ಲ.

ಪಿರಿಯಾಪಟ್ಟಣದ ಹತ್ತಿರದ ಬೆಳೆಗಾರರೊಬ್ಬರು ನನಗೆ ಬಹಳ ಕಾಲದ ಪರಿಚಯ. ಪ್ಯಾಕಿನ ಚಿತ್ರದ ಗಲಾಟೆ ಜೋರಾಗಿದ್ದಾಗ ಅವರ ಜಗಲಿಯಲ್ಲಿ ಕೂತು ಕೇಳಿದ್ದೆ, ನಿಮಗೆ ಇದರಿಂದ ತೊಂದರೆ ಆಯಿತೇ ಎಂದು. "ಚಿತ್ರ ದೊಡ್ಡದಾದ್ರೆ ನಮ್ ಸೊಪ್ಪು ತಗಳೋರೇ ಇರಲ್ಲ ಅಂತ ಮೀಟಿಂಗ್‌ನಲ್ಲಿ ಹೇಳುದ್ರು ಸಾ, ನಾವೂ ಕೈ ಎತ್ತುದ್ವಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹೋದ್ ವರ್ಷ ರೇಟು ಬಿದ್ದಾಗ ಚಿತ್ರ ಚಿಕ್ಕದೇ ಇತ್ತಲ್ವಾ? ಗ್ರೇಡ್ ಹಾಕೋರ್ ಮುಂದೆ ನಮ್ ಮಾತು ನಡೆಯಕಿಲ್ಲ, ಅದ ಬರೀರಿ" ಎಂದು ಸೇರಿಸಿದರು.

ಅವರ ಮಾತಿನಲ್ಲಿ ಲೆಕ್ಕ ಸರಿಯಾಗಿತ್ತು. 2015ರಲ್ಲಿ ತಂಬಾಕಿನ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ ಪ್ಯಾಕಿನ ಮೇಲೆ ಇನ್ನೂ ಹಳೆಯ 40ರ ಚಿತ್ರವೇ ಇತ್ತು. ಮೈಸೂರು ಸೀಮೆಯ ವರ್ಜಿನಿಯಾ ಸೊಪ್ಪಿನ ದೊಡ್ಡ ಪಾಲು ರಫ್ತಿಗೆ ಹೋಗುತ್ತದೆ. ಅದರ ಬೆಲೆ ಹೊರದೇಶದ ದಾಸ್ತಾನು, ಬೇಡಿಕೆಯ ಮೇಲೆ ನಿಂತಿದೆಯೇ ಹೊರತು ಬೆಂಗಳೂರಿನ ಗೂಡಂಗಡಿಯಲ್ಲಿ ಕಾಣುವ ಚಿತ್ರದ ಅಳತೆಯ ಮೇಲಲ್ಲ. ಕಂಪಲಾಪುರದ್ದೋ ಕಟ್ಟೆಮಳಲವಾಡಿಯದೋ ಹರಾಜು ಮಾರುಕಟ್ಟೆಗೆ ಹೋಗಿ ನೋಡಿ. ಸಾವಿರಾರು ಬೆಳೆಗಾರರು ಒಂದು ಕಡೆ, ಕೊಳ್ಳುವ ಕಂಪನಿಗಳು ಬೆರಳೆಣಿಕೆಯಷ್ಟು. ಬೇಲಿಗೆ ಕಡಿಮೆ ಗ್ರೇಡು ಬಿದ್ದರೆ, 'ನೋ ಬಿಡ್' ಆಗಿ ವಾಪಸಾದರೆ ರೈತನಿಗೆ ಎದುರು ಮಾತಾಡಲು ಜಾಗವಿಲ್ಲ. ಇದರ ಮೇಲೆ ಲೈಸೆನ್ಸಿನ ಮಿತಿ, ಮಿತಿ ಮೀರಿ ಬೆಳೆದರೆ ದಂಡ, ಸೌದೆ ಗೊಬ್ಬರದ ಖರ್ಚು, ಸಾಲ.

ಹೀಗೆ ಬೆಳೆಗಾರನಿಗೆ ಇರುವ ದೂರುಗಳು ಹತ್ತಾರು. ಅವುಗಳಲ್ಲಿ ಒಂದೇ ಒಂದು, ಅಂದರೆ ಎಚ್ಚರಿಕೆಯ ಚಿತ್ರ ದೊಡ್ಡದಾಯಿತು ಅನ್ನುವುದು, ಕಂಪನಿಯ ಹಿತಕ್ಕೂ ಹೊಂದಿಕೊಳ್ಳುತ್ತದೆ. ದೆಹಲಿಯವರೆಗೆ ಸದ್ದು ಮಾಡಿದ್ದು ಅದು. 2016ರ ನವೆಂಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ತಂಬಾಕು ನಿಯಂತ್ರಣದ ಜಾಗತಿಕ ಸಮಾವೇಶ ನಡೆದಾಗಲೂ ಬೆಳೆಗಾರರು ಪ್ರತಿಭಟನೆಗೆ ಬಂದಿದ್ದರು. ಕೊಳ್ಳುವವರು ಬೆರಳೆಣಿಕೆಯಷ್ಟೇ ಇರುವ ಹರಾಜಿನ ಬಗ್ಗೆ ಅಷ್ಟೇ ಜೋರಾಗಿ ದೆಹಲಿಯಲ್ಲಿ ಕೂಗೆದ್ದದ್ದನ್ನು ನಾನು ಕಂಡಿಲ್ಲ. ರೈತರು ಯಾರದೋ ಕೈಗೊಂಬೆಗಳು ಎಂದು ನಾನು ಹೇಳುತ್ತಿಲ್ಲ. ಅವರ ಸಂಕಟ ನಿಜ, ಅವರ ಸಿಟ್ಟೂ ನಿಜ. ಆದರೆ ಯಾವ ಸಿಟ್ಟಿಗೆ ಮೈಕು ಸಿಗುತ್ತದೆ, ಯಾವುದು ಜಗಲಿಯ ಮೇಲೆಯೇ ಉಳಿಯುತ್ತದೆ ಅನ್ನುವುದು ಅವರ ಕೈಯಲ್ಲಿಲ್ಲ. ಇನ್ನು ಸರ್ಕಾರದ ವಿಷಯ. ಆರೋಗ್ಯ ಸಚಿವಾಲಯ ಸೇದಬೇಡಿ ಅನ್ನುತ್ತದೆ, ವಾಣಿಜ್ಯ ಸಚಿವಾಲಯದ ಕೆಳಗಿನ ತಂಬಾಕು ಮಂಡಳಿ ಬೆಳೆಯಲು ಲೈಸೆನ್ಸು ಕೊಡುತ್ತದೆ, ನಾವು ನೀವು ಕಂತು ಕಟ್ಟುವ ಎಲ್‌ಐಸಿ ದೇಶದ ಅತಿ ದೊಡ್ಡ ಸಿಗರೇಟ್ ಕಂಪನಿಯಾದ ಐಟಿಸಿಯಲ್ಲಿ ದೊಡ್ಡ ಷೇರುದಾರ. ಬೀಡಿ ಸಿಗರೇಟು ಮುಟ್ಟದ ಮೇಷ್ಟರ ಪಾಲಿಸಿಯ ಹಣವೂ ಅಲ್ಲಿ ಇರಬಹುದು ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪತ್ರಿಕೆಯಲ್ಲಿ ಬರೆಯುವವನಾಗಿ ನಮ್ಮ ಮನೆಯ ಮಾತನ್ನೂ ಹೇಳಬೇಕು. 1992ರಲ್ಲಿ ಅಮೆರಿಕದ ಸಂಶೋಧಕರು 99 ನಿಯತಕಾಲಿಕೆಗಳ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದರು. ಸಿಗರೇಟ್ ಜಾಹೀರಾತು ಹಾಕುತ್ತಿದ್ದ ಪತ್ರಿಕೆಗಳಲ್ಲಿ ಧೂಮಪಾನದ ಹಾನಿಯ ಬಗ್ಗೆ ಲೇಖನ ಬರುವ ಸಾಧ್ಯತೆ ಕಡಿಮೆ ಇತ್ತು, ಮಹಿಳಾ ಪತ್ರಿಕೆಗಳಲ್ಲಂತೂ ಇನ್ನೂ ಕಡಿಮೆ. ಯಾರೂ ಸಂಪಾದಕರಿಗೆ ಫೋನ್ ಮಾಡಿ ಹೆದರಿಸಬೇಕಾಗಿಲ್ಲ. ಜಾಹೀರಾತು ವಿಭಾಗದ ತಿಂಗಳ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಇಂದು ನಮ್ಮಲ್ಲಿ ಸಿಗರೇಟ್ ಜಾಹೀರಾತು ಇಲ್ಲ ನಿಜ, ಅದರ ಜಾಗದಲ್ಲಿ ಸಿನಿಮಾ ನಟರು ಏಲಕ್ಕಿ ಜಗಿದು ನಗುತ್ತಿದ್ದಾರೆ. ಏಲಕ್ಕಿಗೆ ಇಷ್ಟು ಖರ್ಚಿನ ಜಾಹೀರಾತು ಯಾಕೆ ಬೇಕು ಎಂದು ಸಕಲೇಶಪುರದ ಏಲಕ್ಕಿ ಬೆಳೆಗಾರನೂ ತಲೆ ಕೆರೆದುಕೊಂಡಾನು. ಡಬ್ಬಿಯ ಬಣ್ಣ, ಹೆಸರು, ಅಕ್ಷರದ ಶೈಲಿ ಎಲ್ಲ ಪಾನ್ ಮಸಾಲೆಯದ್ದೇ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬರಲು ಶುರುವಾಯಿತು. ಅಂಗಡಿಯವರು ಎರಡನ್ನೂ ಜೋಡಿಯಾಗಿಯೇ ಕೊಡುತ್ತಾರೆ, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಸರ್ಕಾರದ ಎಚ್ಚರಿಕೆಯ ಚಿತ್ರ ಇರುವುದು ತಂಬಾಕಿನ ಸಣ್ಣ ಚೀಟಿಯ ಮೇಲೆ, ನಟರ ನಗು ಇರುವುದು ದೊಡ್ಡ ಪರದೆಯ ಮೇಲೆ.

ದೊಡ್ಡ ಪರದೆ ಅಂದಾಗ ಸಿನಿಮಾ ಶುರುವಾಗುವ ಮೊದಲು ತೋರಿಸುವ ಸರ್ಕಾರಿ ಜಾಹೀರಾತು ನೆನಪಾಗುತ್ತದೆ. ಥಿಯೇಟರಿನಲ್ಲಿ ಹುಡುಗರ ಗುಂಪು ಅದನ್ನು ಬಾಯಿಪಾಠ ಒಪ್ಪಿಸುತ್ತ ಗೊಳ್ಳೆಂದು ನಗುವುದನ್ನು ನೀವೂ ಕೇಳಿರುತ್ತೀರಿ. ಇದರಲ್ಲಿ ನನ್ನ ದೂರು ಸರ್ಕಾರದ ಮೇಲೆಯೇ. ಕಂಪನಿಗಳು ಬಣ್ಣ, ಸಂಗೀತ, ಮನಶ್ಶಾಸ್ತ್ರ ಎಲ್ಲವನ್ನೂ ದುಡಿಸಿಕೊಳ್ಳುತ್ತವೆ, ಸರ್ಕಾರ ಸುತ್ತೋಲೆಯ ಭಾಷೆಯಲ್ಲಿ ಮಾತಾಡುತ್ತದೆ.

ಅಮೆರಿಕದ ಕಥೆಯ ಬಾಲ ಇನ್ನೂ ಇದೆ. 2006ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಅವರು, ತಂಬಾಕು ಕಂಪನಿಗಳು ದಶಕಗಳ ಕಾಲ ಜನರಿಗೆ ಮೋಸ ಮಾಡಿವೆ, ತಿದ್ದುಪಡಿಯ ಜಾಹೀರಾತನ್ನು ಸ್ವಂತ ಖರ್ಚಿನಲ್ಲಿ ಹಾಕಬೇಕು ಎಂದು ತೀರ್ಪಿತ್ತರು. ಕಂಪನಿಗಳು ಆ ಜಾಹೀರಾತಿನ ಪದಪದದ ಮೇಲೂ ಮೇಲ್ಮನವಿ ಹಾಕಿದವು. ಬೇಕೆಂದೇ ಮೋಸ ಮಾಡಿದರು ಅನ್ನುವ ವಾಕ್ಯವನ್ನು ತೆಗೆಸಿಯೂಬಿಟ್ಟವು. ಜಾಹೀರಾತು ಬಂದದ್ದು 2017ರ ನವೆಂಬರಿನಲ್ಲಿ, ಹನ್ನೊಂದು ವರ್ಷದ ಮೇಲೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. 1954ರ ಜಾಹೀರಾತು ಬಂದಾಗ ಊರೆಲ್ಲ ಪತ್ರಿಕೆ ಓದುತ್ತಿತ್ತು. ಇದು ಬರುವ ಹೊತ್ತಿಗೆ ಹೊಸದಾಗಿ ಸಿಗರೇಟು ಹಿಡಿಯುವ ವಯಸ್ಸಿನವರು ಪತ್ರಿಕೆ ಬಿಟ್ಟು ಮೊಬೈಲ್ ಹಿಡಿದಿದ್ದರು.

ಇದೇ ಆಟ ಈಗ ಚಿಪ್ಸು, ಬಿಸ್ಕತ್ತು, ತಂಪು ಪಾನೀಯಗಳ ಪ್ಯಾಕಿನ ಮೇಲೆ ಶುರುವಾಗಿದೆ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿದ್ದರೆ ಚಿಲಿ ದೇಶದಲ್ಲಿ 2016ರಿಂದ ಎಂಟು ಮೂಲೆಯ ಕಪ್ಪು ಗುರುತು ಹಾಕುತ್ತಾರೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಕರಡಿನಲ್ಲಿ ಇದ್ದದ್ದು ಎಚ್ಚರಿಕೆಯಲ್ಲ, ನಕ್ಷತ್ರ. ಕೆಟ್ಟ ತಿಂಡಿಗೂ ಅರ್ಧ ನಕ್ಷತ್ರವಾದರೂ ಸಿಕ್ಕೀತು! ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ಮೇಷ್ಟರ ಸವಾಲಿಗೆ. ಚಿತ್ರ ನೋಡಿ ಬಿಟ್ಟವನೊಬ್ಬನನ್ನು ನಾನು ಕೈಹಿಡಿದು ತಂದು ತೋರಿಸಲಾರೆ, ಆದರೆ ದೇಶದ ಲೆಕ್ಕ ಇದೆ. 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಪ್ಯಾಕಿನ ಎಚ್ಚರಿಕೆ ನೋಡಿ ಬಿಡಬೇಕು ಅನ್ನಿಸಿತು ಎಂದ ಸಿಗರೇಟು ಸೇದುವವರು ನೂರಕ್ಕೆ 38. 85ರ ಚಿತ್ರ ಬಂದ ಕೆಲವೇ ತಿಂಗಳಲ್ಲಿ, 2016-17ರಲ್ಲಿ ನಡೆದ ಎರಡನೇ ಸಮೀಕ್ಷೆಯಲ್ಲಿ ಅದು ಸುಮಾರು 62ಕ್ಕೆ ಏರಿತು. ಅನ್ನಿಸುವುದು ಬೇರೆ, ಬಿಡುವುದು ಬೇರೆ, ಒಪ್ಪುತ್ತೇನೆ. ಇದೇ ಅವಧಿಯಲ್ಲಿ ತಂಬಾಕು ಬಳಸುವ ವಯಸ್ಕರು ಶೇಕಡಾ 34.6ರಿಂದ 28.6ಕ್ಕೆ ಇಳಿದದ್ದರಲ್ಲಿ ತೆರಿಗೆ, ಸಾರ್ವಜನಿಕ ಸ್ಥಳದ ನಿಷೇಧ ಎಲ್ಲದರ ಪಾಲೂ ಇದೆ. ಆದರೂ ಕಂಪನಿಗಳು ಆ ಸೆಂಟಿಮೀಟರುಗಳಿಗೆ ಯಾಕೆ ಅಷ್ಟು ಬಡಿದಾಡಿದವು ಅನ್ನುವುದಕ್ಕೆ 38 ಮತ್ತು 62ರ ನಡುವಿನ ಅಂತರ ಸಾಕಷ್ಟು ಉತ್ತರ ಕೊಡುತ್ತದೆ.

ಕಂಪನಿಗಳಿಗಿರುವ ಒಂದು ಸಮಾಧಾನ ಗೂಡಂಗಡಿ. "ಒಂದು ಕಿಂಗ್ ಕೊಡಿ" ಎಂದವನ ಕೈಗೆ ಬರುವುದು ಒಂಟಿ ಸಿಗರೇಟು. ಪ್ಯಾಕು ಅಂಗಡಿಯವನ ಕಡೆಗೇ ಉಳಿಯುತ್ತದೆ. ದಿನವಿಡೀ ಆ ಚಿತ್ರ ನೋಡುವವನು ಸೇದದ ಅಂಗಡಿಯವನು. ಬಿಡಿ ಮಾರಕೂಡದು ಎಂದು ರಾಜ್ಯದಲ್ಲಿ ಆದೇಶ ಇದ್ದರೂ ಕಾಲೇಜು ಹುಡುಗರು, ದಿನಗೂಲಿಯವರು ಕೊಳ್ಳುವುದು ಬಿಡಿಯಾಗಿಯೇ. ಎಂಬತ್ತೈದು ಭಾಗಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ನಡೆದ ಹೋರಾಟದ ಫಲ ಅವರ ಕಣ್ಣಿಗೇ ಬೀಳುವುದಿಲ್ಲ. 2018ರ ಸೆಪ್ಟೆಂಬರಿನಿಂದ ಆ ಜಾಗದಲ್ಲಿ ಚಟ ಬಿಡಲು ನೆರವು ಕೇಳುವವರಿಗೆ ಉಚಿತ ಫೋನ್ ನಂಬರನ್ನೂ ಅಚ್ಚು ಹಾಕುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲಿಯೇ ಮಾತಾಡುತ್ತಾರೆ. ಬಿಡಿಯಾಗಿ ಕೊಳ್ಳುವವರಿಗೆ ಅದು ಕಾಣುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ: 1800-11-2356.